ಫ್ರೆಂಚ್ ಶಿಬಿರದ ಐದು ಶನಿವಾರಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಯಾದ ನಾನೂ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಎರಡು ಸಲ ಪತ್ರ ಬರೆದು ಒತ್ತಾಯಪಡಿಸಿದ್ದಾರೆ. ಮೂವತ್ತನಾಲ್ಕು ವರ್ಷ ಗಣಿತವನ್ನು ಬೋಧಿಸಿದವನಿಗೆ ಲೇಖನಿಗಿಂತ ಸೀಮೆಸುಣ್ಣವೇ ಹೆಚ್ಚು ಪರಿಚಿತ. ಗುರುಹಿರಿಯರನ್ನೂ ಪ್ರಸಾದ ನಿಲಯದ ದಿನಗಳನ್ನೂ ಕುರಿತು ನನಗಿಂತ ಸಮರ್ಥರು ಬರೆಯುವವರಿದ್ದಾರೆ. ಆದುದರಿಂದ ನಾನು 2019ರ ಬೇಸಿಗೆಯಲ್ಲಿ ಕೆನಡಾ ದೇಶದ ಕೆಬೆಕ್ ಪ್ರಾಂತಕ್ಕೆ ಐದು ವಾರ ಫ್ರೆಂಚ್ ಕಲಿಯಲು ಹೋಗಿದ್ದ ಸಂಗತಿಯನ್ನು, ಅದರಲ್ಲಿಯೂ ವಾರದ ಕೊನೆಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಸಂಚಾರಗಳನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇನೆ. ಇದಕ್ಕೂ ನಮ್ಮ ನಿಲಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ನನ್ನ ಮಗಳು ಒಟ್ಟಾವಾ ನಗರದಲ್ಲಿ ನೆಲೆಸಿದ್ದಾಳೆ. 2018ರಲ್ಲಿ ನಿವೃತ್ತನಾದ ಮೇಲೆ ನಾನೂ ನನ್ನ ಪತ್ನಿಯೂ ವರ್ಷದ ಕೆಲವು ತಿಂಗಳನ್ನು ಅಲ್ಲಿ ಕಳೆಯತೊಡಗಿದೆವು. ನದಿಯ ಈಚೆ ದಡದಲ್ಲಿ ಇಂಗ್ಲಿಷ್ ಪ್ರಧಾನವಾದ ಆಂಟೇರಿಯೊ, ಆಚೆ ದಡದಲ್ಲಿ ಫ್ರೆಂಚ್ ಪ್ರಧಾನವಾದ ಕೆಬೆಕ್. 1969ರ ಕಾಯಿದೆಯಿಂದ ಇವೆರಡೂ ಒಕ್ಕೂಟ ಸರ್ಕಾರದ ಅಧಿಕೃತ ಭಾಷೆಗಳಾದುದರಿಂದ, ಮನೆಯಲ್ಲಿ ಫ್ರೆಂಚಿನ ಗಂಧವಿಲ್ಲದ ತಂದೆತಾಯಿಗಳು ಸಹ ಮಕ್ಕಳನ್ನು ಫ್ರೆಂಚ್ ಮಾಧ್ಯಮದ ತರಗತಿಗೆ ಸೇರಿಸುವುದುಂಟು. ನನ್ನ ಮೊಮ್ಮಕ್ಕಳಿಬ್ಬರೂ ಹಾಗೆಯೇ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವರು. ನಮಗೆ ತಿಳಿಯಬಾರದ ಮಾತಿದ್ದರೆ ಫ್ರೆಂಚಿನಲ್ಲಿ ಪಿಸುಗುಟ್ಟುವರು. ಊಟದ ಮೇಜಿನ ಮುಂದೆ ನಿತ್ಯವೂ ಈ ಪಿಸುಮಾತು ನಡೆಯುತ್ತಿದ್ದಿತು. ಅರುವತ್ತೊಂದನೆಯ ವಯಸ್ಸಿನಲ್ಲಿ ಹೊಸ ಭಾಷೆಯೊಂದನ್ನು ಕಲಿಯುವಂತೆ ನನ್ನನ್ನು ಪ್ರೇರಿಸಿದ್ದು ಫ್ರೆಂಚ್ ಸಾಹಿತ್ಯದ ಹಿರಿಮೆಯಲ್ಲ, ಈ ಪಿಸುಮಾತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು.

ಶಿಬಿರ ನಡೆದದ್ದು ತ್ರುವಾ-ಪಿಸ್ತೋಲ್ ಎಂಬ ಊರಿನಲ್ಲಿ. ಅದು ಕೆಬೆಕ್ ನಗರದಿಂದ ಸುಮಾರು 250 ಕಿಲೊಮೀಟರು ಕೆಳಗೆ, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಡದಲ್ಲಿರುವ, ಮೂರು ಸಾವಿರಕ್ಕಿಂತ ತುಸು ಹೆಚ್ಚು ಜನವಸತಿಯ ಊರು. ಹಿಂದೆ ನಾವಿಕನೊಬ್ಬನ ಕೈಯಿಂದ ಮೂರು ಪಿಸ್ತೋಲ್ ನಾಣ್ಯ ಬೆಲೆಬಾಳುವ ಬೆಳ್ಳಿಯ ಬಟ್ಟಲು ನೀರಿಗೆ ಬಿದ್ದುಹೋಯಿತಂತೆ. ಅದರಿಂದ ಊರಿಗೆ ಆ ಹೆಸರು ಬಂದಿತೆಂದು ಐತಿಹ್ಯ. ಇಂಗ್ಲಿಷ್ ಮಾತನಾಡುವವರು ಇಲ್ಲಿಗೆ ಬಂದು ಫ್ರೆಂಚ್ ಕಲಿಯುವ ಪದ್ಧತಿ ಹಳೆಯದು. ವೆಸ್ಟರ್ನ್ ಆಂಟೇರಿಯೊ ವಿಶ್ವವಿದ್ಯಾನಿಲಯವು ತನ್ನ ಬೇಸಿಗೆಯ ಶಾಲೆಯನ್ನು ಇಲ್ಲಿ ಆರಂಭಿಸಿದ್ದು 1932ರಲ್ಲಿ. ನದಿ ಇಲ್ಲಿ ಎಷ್ಟು ಅಗಲವೆಂದರೆ ಎದುರಿನ ದಡ ದಿಗಂತದಲ್ಲಿ ಎಳೆದ ನೀಲಿಯ ಗೆರೆಯಂತೆ ಕಾಣುವುದು. ನೀರು ಉಪ್ಪು, ದಿನಕ್ಕೆರಡು ಬಾರಿ ಏರಿ ಇಳಿಯುವುದು. ಊರಿನವರು ಅದನ್ನು ‘ಸಮುದ್ರ’ವೆಂದೇ ಕರೆಯುತ್ತಾರೆ. ಬಯಲುಸೀಮೆಯವನಾದ ನಾನು ಆ ಮಾತನ್ನು ತಿದ್ದಲು ಹೋಗಲಿಲ್ಲ.

ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಬೇಕು. ಐದು ವಾರವೂ ಫ್ರೆಂಚಿನ ಹೊರತು ಬೇರೆ ಭಾಷೆಯನ್ನು ತರಗತಿಯಲ್ಲಾಗಲಿ ಬೀದಿಯಲ್ಲಾಗಲಿ ಆಡತಕ್ಕದ್ದಲ್ಲ ಎಂಬುದು ಅದರ ಒಕ್ಕಣೆ. ಈ ಕ್ರಮಕ್ಕೆ ಅವರು ಕೊಡುವ ಹೆಸರಿನ ಅರ್ಥ ‘ಮುಳುಗಿಸುವುದು’ ಎಂದು. ನಮ್ಮ ಹಳ್ಳಿಗಳಲ್ಲಿ ಈಜು ಕಲಿಸುವಾಗ ಹುಡುಗನ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಬಾವಿಗೆ ಇಳಿಸುತ್ತಿದ್ದರಷ್ಟೆ. ತರಗತಿಯ ಪಾಠ ಆ ಬುರುಡೆ ಕಟ್ಟಿದ ಈಜಿನಂತೆ. ಉಪಾಧ್ಯಾಯಿನಿ ನಿಧಾನವಾಗಿ ಮಾತನಾಡುವಳು, ತಪ್ಪಿದರೆ ಎತ್ತಿಹಿಡಿಯುವಳು. ಶನಿವಾರದ ಸಂಚಾರವೆಂದರೆ ಬುರುಡೆ ಬಿಚ್ಚಿದ ಮೇಲಿನ ಈಜು. ಟಿಕೆಟು ಕೊಡುವವನು, ಹೋಟೆಲಿನವನು, ದೋಣಿಯವನು ನಮ್ಮ ವ್ಯಾಕರಣಕ್ಕಾಗಿ ಕಾಯುವವರಲ್ಲ.

ನನ್ನ ಸಹಪಾಠಿಗಳಲ್ಲಿ ಬಹುಮಂದಿ ಇಪ್ಪತ್ತರ ಆಚೀಚೆಯವರು. ನಮ್ಮನ್ನು ಊರಿನ ಮನೆಗಳಲ್ಲಿ ಹಂಚಿದ್ದರು. ನನ್ನ ಪಾಲಿಗೆ ಬಂದ ಮನೆಯೊಡತಿ ಎಪ್ಪತ್ತು ಸಮೀಪಿಸಿದ ವಿಧವೆ, ಕರುಣಾಳು, ಆದರೆ ಅತಿವೇಗದ ಮಾತುಗಾತಿ. ನಾನು ಶಾಕಾಹಾರಿ ಎಂಬುದನ್ನು ಒಟ್ಟಾವಾದಲ್ಲಿಯೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹೇಳಿದೆ. ಆಕೆ ಸಂತೋಷದಿಂದ ತಲೆಯಾಡಿಸಿ ರಾತ್ರಿ ಮೀನನ್ನು ಬಡಿಸಿದಳು. ಮೀನೂ ಇಲ್ಲವೆಂದಾಗ ಮರುದಿನ ಬಟಾಣಿಯ ಸಾರು ಬಂದಿತು, ಅದರ ತಳದಲ್ಲಿ ಹಂದಿಮಾಂಸದ ಚೂರುಗಳು. ಮೂರನೆಯ ದಿನ ನಾವಿಬ್ಬರೂ ಅಡಿಗೆಮನೆಯಲ್ಲಿ ಎದುರುಬದುರು ಕುಳಿತು ಒಂದೊಂದೇ ಪದಾರ್ಥವನ್ನು ಬೆರಳು ಮಾಡಿ ತೋರಿಸುತ್ತ ಅರ್ಧ ಗಂಟೆಯ ಸಂಧಾನ ನಡೆಸಿದೆವು. ಆ ಅರ್ಧ ಗಂಟೆಯಲ್ಲಿ ನಾನು ಕಲಿತಷ್ಟು ಫ್ರೆಂಚನ್ನು ಇಡೀ ಮೊದಲ ವಾರದ ಪಾಠದಲ್ಲಿ ಕಲಿಯಲಿಲ್ಲ.

ಮೊದಲ ಶನಿವಾರ ಬಿಕ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಕೊಲ್ಲಿ, ಬಂಡೆ, ದೇವದಾರು ಜಾತಿಯ ಮರಗಳು, ನೀರಿಳಿದಾಗ ಬಂಡೆಗಳ ಮೇಲೆ ಬಿಸಿಲು ಕಾಯುವ ಸೀಲುಗಳು. ಹೆಚ್ಚು ವರ್ಣಿಸುವ ಶಕ್ತಿ ನನಗಿಲ್ಲ. ಒಂದು ಮಾತನ್ನು ಮಾತ್ರ ಹೇಳುತ್ತೇನೆ. ಉಬ್ಬರ, ಇಳಿತ ಎಂಬ ಕನ್ನಡ ಪದಗಳನ್ನು ನಾನು ಬಾಲ್ಯದಲ್ಲಿಯೇ ಭೂಗೋಳದ ಪುಸ್ತಕದಿಂದ ಕಲಿತಿದ್ದೆ. ಆದರೆ ಅವು ನನ್ನ ಪಾಲಿಗೆ ಪರೀಕ್ಷೆಯ ಪದಗಳಾಗಿದ್ದವೇ ಹೊರತು ಕಾಲಿಗೆ ತಾಗಿದ ಪದಗಳಾಗಿರಲಿಲ್ಲ. ಅವುಗಳ ಫ್ರೆಂಚ್ ರೂಪಗಳನ್ನು ಕಲಿತದ್ದು ಮಣಿಕಟ್ಟಿನವರೆಗೆ ಏರಿಬಂದ ತಣ್ಣೀರಿನಿಂದ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಓಡುವಾಗ. ನನ್ನದೇ ಮಾತು ಪುಸ್ತಕದಲ್ಲಿ ಉಳಿದು ಪರರ ಮಾತು ಮೈಗೆ ಹತ್ತಿದ್ದು ವಿಚಿತ್ರವೆನಿಸಿತು.

ಎರಡನೆಯ ವಾರ ಶನಿವಾರ ಭಾನುವಾರಗಳೆರಡೂ ಕೆಬೆಕ್ ನಗರದಲ್ಲಿ. ಆ ಹೆಸರು ಫ್ರೆಂಚ್ ಅಲ್ಲ. ‘ನದಿ ಕಿರಿದಾಗುವ ತಾಣ’ ಎಂಬರ್ಥದ ಮೂಲನಿವಾಸಿಗಳ ಪದ. ಕೆನಡಾ ಎಂಬುದೂ ಅಂತೆಯೇ, ಹಳ್ಳಿ ಎಂದು ಅದರ ಮೂಲಾರ್ಥ. ಕೋಟೆಯ ಹೊರಗಿನ ಅಬ್ರಹಾಮ್ ಬಯಲಿನಲ್ಲಿ 1759ರ ಸೆಪ್ಟೆಂಬರ್ 13ರಂದು ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ ಕದನ ಅರ್ಧ ಗಂಟೆಯೊಳಗೆ ಮುಗಿದುಹೋಯಿತು, ಫ್ರೆಂಚರು ಸೋತರು. ಇಂಗ್ಲಿಷ್ ಸೇನಾಪತಿ ವುಲ್ಫ್ ರಣರಂಗದಲ್ಲಿ ಮಡಿದ. ಫ್ರೆಂಚ್ ಸೇನಾಪತಿ ಮೋಂಕಾಮ್ ಗಾಯಗೊಂಡು ಮರುದಿನ ಅಸುನೀಗಿದ. ಗೆದ್ದವನಿಗೂ ಸೋತವನಿಗೂ ಸೇರಿಸಿ ನಿಲ್ಲಿಸಿದ ಶಿಲಾಸ್ತಂಭವೊಂದು ಅಲ್ಲಿಯ ಉದ್ಯಾನದಲ್ಲಿದೆ, 1828ರದು. ಅದರ ಮೇಲಿನ ಶಾಸನ ಇಂಗ್ಲಿಷಿನಲ್ಲಿಯೂ ಇಲ್ಲ, ಫ್ರೆಂಚಿನಲ್ಲಿಯೂ ಇಲ್ಲ, ಲ್ಯಾಟಿನಿನಲ್ಲಿದೆ. ಇಬ್ಬರ ಜಗಳದಲ್ಲಿ ಮೂರನೆಯ ಹಿರಿಯನನ್ನು ಕರೆದು ಪಂಚಾಯಿತಿ ಮಾಡಿಸಿದಂತೆ ತೋರಿತು.

ಸೋತ ಮೇಲೆಯೂ ಫ್ರೆಂಚ್ ಉಳಿದ ಬಗೆ ಕುತೂಹಲಕರ. ಚರ್ಚು, ಹಳ್ಳಿ, ದೊಡ್ಡ ಸಂಸಾರಗಳು ಅದನ್ನು ಎರಡು ಶತಮಾನ ಕಾಪಾಡಿದವು. ಆದರೂ ನಗರಗಳಲ್ಲಿ ವ್ಯಾಪಾರ ವ್ಯವಹಾರಗಳ ಭಾಷೆ ಇಂಗ್ಲಿಷೇ ಆಗಿದ್ದಿತು. 1977ರ ಆಗಸ್ಟಿನಲ್ಲಿ ಬಂದ ಭಾಷಾ ಸನದು ಪ್ರಾಂತದ ಆಡಳಿತಕ್ಕೂ ಕೆಲಸದ ತಾಣಕ್ಕೂ ಅಂಗಡಿಯ ಫಲಕಕ್ಕೂ ಫ್ರೆಂಚನ್ನು ಕಡ್ಡಾಯಗೊಳಿಸಿತು. ಹೊರಗಿನಿಂದ ಬಂದು ನೆಲೆಸುವವರ ಮಕ್ಕಳು ಫ್ರೆಂಚ್ ಶಾಲೆಗೆ ಹೋಗಬೇಕೆಂದು ವಿಧಿಸಿತು. ಫ್ರಾನ್ಸಿನ ರಸ್ತೆಯಲ್ಲಿ ನಿಲುಗಡೆಯ ಫಲಕದ ಮೇಲೆ ‘ಸ್ಟಾಪ್’ ಎಂದಿದ್ದರೆ ಇಲ್ಲಿ ‘ಅರೆ’ ಎಂಬ ಅಚ್ಚ ಫ್ರೆಂಚ್ ಪದ. ಅಲ್ಲಿಯವರು ವಾರಾಂತ್ಯವನ್ನು ಲಜ್ಜೆಯಿಲ್ಲದೆ ‘ವೀಕೆಂಡ್’ ಎನ್ನುವರು. ಇಲ್ಲಿಯವರು ‘ಫ್ಯಾನ್ ದ ಸ್ಮೇನ್’, ವಾರದ ಕೊನೆ, ಎಂದೇ ಅನ್ನಬೇಕು. ನಾನೊಮ್ಮೆ ವೀಕೆಂಡ್ ಎಂದಾಗ ನಮ್ಮ ಮನೆಯೊಡತಿ, ಎಡಗೈಯಲ್ಲಿ ಊಟ ಮಾಡಿದ ಹುಡುಗನನ್ನು ನಮ್ಮ ಅಜ್ಜಿ ನೋಡುತ್ತಿದ್ದಂತೆ ನನ್ನನ್ನು ನೋಡಿದಳು. ವಾಹನಗಳ ಸಂಖ್ಯಾಫಲಕದ ಮೇಲೆ 1978ರಿಂದ ‘ನಾನು ನೆನಪಿಟ್ಟುಕೊಂಡಿದ್ದೇನೆ’ ಎಂಬ ಅರ್ಥದ ಮೂರು ಪದಗಳಿವೆ. ಏನನ್ನು ನೆನಪಿಟ್ಟುಕೊಂಡಿದ್ದೀರೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ.

1982ರ ಗೋಕಾಕ್ ಚಳವಳಿಯ ದಿನಗಳಲ್ಲಿ ನಾನು ಇಪ್ಪತ್ತನಾಲ್ಕರ ತರುಣ, ಮೆರವಣಿಗೆಯಲ್ಲಿ ನಡೆದವನು. ಆದುದರಿಂದ ಆ ನಗರದ ಒಂದೊಂದು ಫಲಕವನ್ನು ಓದುವಾಗಲೂ ಎದೆಯುಬ್ಬುತ್ತಿದ್ದಿತು, ಒಡನೆಯೇ ಮತ್ಸರವೂ ಆಗುತ್ತಿದ್ದಿತು. ಇಡೀ ಪ್ರಾಂತದ ಜನಸಂಖ್ಯೆ ಆಗ ಸುಮಾರು 85 ಲಕ್ಷ. ನಾವೋ, 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರೇ 4 ಕೋಟಿ 37 ಲಕ್ಷ. ಆದರೆ ಮತ್ಸರಪಡುವ ಮೊದಲು ಮರುದಿನದ ಸಂಚಾರವನ್ನೂ ಮುಗಿಸಬೇಕಾಗಿದ್ದಿತು.

ಭಾನುವಾರ ಬೆಳಿಗ್ಗೆ ನಗರದ ಅಂಚಿನಲ್ಲಿರುವ ವೆಂದಾಕೆ ಎಂಬಲ್ಲಿಗೆ ಕರೆದೊಯ್ದರು. ಅದು ವೆಂದಾತ್ ಎಂಬ ಮೂಲನಿವಾಸಿ ಜನಾಂಗದ ನೆಲೆ. ಅಲ್ಲಿಯ ನಿಲುಗಡೆಯ ಫಲಕದ ಮೇಲೆ ಫ್ರೆಂಚ್ ಪದದೊಡನೆ ವೆಂದಾತ್ ಪದವೂ ಇದ್ದಿತು. ಆದರೆ ಆ ಭಾಷೆ ಅಲ್ಲಿ ಆಡುಮಾತಾಗಿ ನಿಂತುಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿಯೇ. ಈಗ ಅವರು ಹಳೆಯ ಪಾದ್ರಿಗಳು ಬರೆದಿಟ್ಟಿದ್ದ ನಿಘಂಟುಗಳಿಂದ ಪದಪದವನ್ನು ಹೆಕ್ಕಿ ತಮ್ಮ ಮಾತನ್ನು ತಾವೇ ಕಲಿಯುತ್ತಿದ್ದಾರೆ. ಕಿಟ್ಟೆಲ್ ಪಾದ್ರಿಗಳ 1894ರ ನಿಘಂಟನ್ನು ನಾವು ಹೆಮ್ಮೆಯಿಂದ ಕಪಾಟಿನಲ್ಲಿ ಇಟ್ಟುಕೊಂಡಿರುತ್ತೇವೆ. ಕನ್ನಡವನ್ನಾಡುವ ಕೊನೆಯ ಬಾಯಿಯೂ ಮುಚ್ಚಿ, ಆ ಪುಸ್ತಕವೊಂದೇ ಉಳಿದಿದ್ದರೆ ಹೇಗಿರುತ್ತಿದ್ದಿತೆಂದು ಊಹಿಸಿಕೊಂಡೆ. ನಿನ್ನೆಯ ಎದೆಯುಬ್ಬು ಸ್ವಲ್ಪ ಇಳಿಯಿತು. ಇಂಗ್ಲಿಷಿನ ಮುಂದೆ ಚಿಕ್ಕದಾಗಿ ನಿಂತ ಫ್ರೆಂಚ್ ಇಲ್ಲಿ ದೊಡ್ಡದಾಗಿ ನಿಂತಿದ್ದಿತು.

ಮೂರನೆಯ ಶನಿವಾರದ್ದೇ ನಾನು ಹೇಳಬೇಕಾದ ಮುಖ್ಯ ಸಂಗತಿ.

ಅಂದು ತಿಮಿಂಗಿಲಗಳನ್ನು ನೋಡಲು ತಾದುಸಾಕಿಗೆ ಹೊರಟೆವು. ರಿವಿಯೇರ್-ದ್ಯು-ಲೂ ಎಂಬ ಊರಿನಿಂದ ದೊಡ್ಡ ಹಡಗೊಂದು ಬಸ್ಸನ್ನೂ ನಮ್ಮನ್ನೂ ಹೊತ್ತು ಒಂದು ಗಂಟೆಯ ಮೇಲೆ ತುಸು ಹೊತ್ತಿನಲ್ಲಿ ಉತ್ತರ ದಡಕ್ಕೆ ಮುಟ್ಟಿಸಿತು. ಅಲ್ಲಿಂದ ಬೆಟ್ಟದ ದಾರಿ; ಕೊನೆಗೆ ಸಾಗ್ನೆ ನದಿಯ ಮುಖದಲ್ಲಿ ಮತ್ತೊಂದು ದಾಟುದೋಣಿ. ಸಾಗ್ನೆ ಬಂದು ಸೇಂಟ್ ಲಾರೆನ್ಸನ್ನು ಕೂಡುವ ಸಂಗಮದಲ್ಲಿದೆ ತಾದುಸಾಕ್. 1600ರಲ್ಲಿಯೇ ಫ್ರೆಂಚರು ಇಲ್ಲಿ ತುಪ್ಪುಳು ಚರ್ಮದ ವ್ಯಾಪಾರಕ್ಕೆ ಮನೆ ಕಟ್ಟಿದ್ದರು. 1747ರ ಪುಟ್ಟ ಮರದ ಚರ್ಚೊಂದು ಇಂದಿಗೂ ನಿಂತಿದೆ. ಸಮುದ್ರದಿಂದ ಬರುವ ಮುನ್ನೂರು ಮೀಟರಿಗೂ ಮಿಗಿಲಾದ ಆಳದ ಕಾಲುವೆ ಇಲ್ಲಿ ನೀರಿನ ಕೆಳಗೆ ಥಟ್ಟನೆ ಮೇಲಕ್ಕೇರಿ ಮುಗಿಯುತ್ತದೆ. ತಳದ ತಣ್ಣೀರು ಮೇಲೆ ಚಿಮ್ಮುವಾಗ ತಿಮಿಂಗಿಲಗಳ ಆಹಾರವಾದ ಸಣ್ಣ ಸಿಗಡಿಯಂಥ ಜೀವಿಗಳು ರಾಶಿರಾಶಿಯಾಗಿ ಕೂಡುತ್ತವೆ. ಆದುದರಿಂದಲೇ ಸಾಗರದಿಂದ ಇಷ್ಟು ಒಳಗೆ, ನದಿಯೊಳಗೆ, ತಿಮಿಂಗಿಲಗಳು.

ಬಸ್ಸಿನಲ್ಲಿ ಮಾರ್ಗದರ್ಶಕ ತರುಣನು ದೋಣಿ ಹೊರಡುವ ವೇಳೆಯನ್ನು ಹೇಳಿದನು. ಹನ್ನೆರಡು ಗಂಟೆಗೆ ಫ್ರೆಂಚಿನಲ್ಲಿ ‘ದೂಜ್ ಅರ್’; ಎರಡು ಗಂಟೆಗೆ ‘ದೋಜ್ ಅರ್’ ಎಂಬುದಕ್ಕೆ ಸಮೀಪವಾದ, ಕನ್ನಡದ ಯಾವ ಸ್ವರಕ್ಕೂ ಒಗ್ಗದ ಒಂದು ಧ್ವನಿ. ಅವನು ಹೇಳಿದ್ದು ಹನ್ನೆರಡು. ನಾನು ಕೇಳಿಸಿಕೊಂಡದ್ದು ಎರಡು. ತೊಂಬತ್ತನ್ನು ‘ನಾಲ್ಕಿಪ್ಪತ್ತು ಹತ್ತು’ ಎನ್ನುವ ಅವರ ಎಣಿಕೆಯನ್ನು ಮೊದಲ ದಿನವೇ ಲೀಲಾಜಾಲವಾಗಿ ಕಲಿತು, ತನ್ನ ವಯಸ್ಸನ್ನು ಮೂರಿಪ್ಪತ್ತರ ಮೇಲೆ ಐದು ಎಂದು ಹೇಳುತ್ತಿದ್ದ ನಮ್ಮ ಅಜ್ಜಿಯನ್ನು ಸ್ಮರಿಸಿ ಬೀಗಿದ್ದ ಗಣಿತದ ಮಾಸ್ತರನು ಕೇವಲ ಎರಡರ ಮುಂದೆ ಎಡವಿದನು. ಚರ್ಚನ್ನು ನೋಡಿ, ಬೀದಿ ಸುತ್ತಿ, ಬುತ್ತಿಯ ರೊಟ್ಟಿ ತಿಂದು ಒಂದೂಮುಕ್ಕಾಲಿಗೆ ದಕ್ಕೆಗೆ ಬಂದರೆ ದೋಣಿಯೂ ಇಲ್ಲ, ಸಹಪಾಠಿಗಳೂ ಇಲ್ಲ. ತಪ್ಪು ಸಂಪೂರ್ಣ ನನ್ನದೇ.

ದಕ್ಕೆಯ ಪಕ್ಕದಲ್ಲಿ ನದಿಯೊಳಗೆ ಚಾಚಿಕೊಂಡ ಬಂಡೆಗಳ ನೆಲವೊಂದಿದೆ. ದಡದಿಂದಲೇ ತಿಮಿಂಗಿಲ ಕಾಣುವುದುಂಟೆಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಹೋಗಿ ಕುಳಿತೆ. ಸ್ವಲ್ಪ ದೂರದಲ್ಲಿ ಒಬ್ಬ ವೃದ್ಧೆ ಎಂಟು ಹತ್ತು ವರ್ಷದ ಮೊಮ್ಮಗನೊಡನೆ ಕುಳಿತಿದ್ದಳು; ನನಗಿಂತ ಏಳೆಂಟು ವರ್ಷ ಹಿರಿಯಳಿರಬಹುದು. ಆಕೆ ಹುಡುಗನೊಡನೆ ಆಡುತ್ತಿದ್ದ ಮಾತು ಫ್ರೆಂಚಲ್ಲವೆಂಬುದು ನನಗೂ ತಿಳಿಯಿತು. ಹುಡುಗ ಫ್ರೆಂಚಿನಲ್ಲಿ ಉತ್ತರ ಕೊಡುತ್ತಿದ್ದನು. ಆ ದೃಶ್ಯ ನನಗೆ ಹೊಸದಾಗಿರಲಿಲ್ಲ. ಒಟ್ಟಾವಾದ ನಮ್ಮ ಊಟದ ಮೇಜಿನದೇ ಪ್ರತಿಬಿಂಬ.

ಮಾತು ತೆಗೆದದ್ದು ಆಕೆಯೇ. ನಿಧಾನವಾದ, ಸ್ಪಷ್ಟವಾದ ಫ್ರೆಂಚ್. ನನ್ನಂತೆಯೇ ಅದನ್ನು ತೊಟ್ಟಿಲಿನ ಆಚೆ ಕಲಿತವಳಾದುದರಿಂದಲೋ ಏನೋ, ಆಕೆಯ ಒಂದೊಂದು ಮಾತೂ ನನಗೆ ಅರ್ಥವಾಯಿತು. ಆಕೆ ‘ಇನ್ನು’ ಜನಾಂಗದವಳು. ಇನ್ನೂ ಕೆಳಗಿನ ಉತ್ತರ ತೀರದಿಂದ ಮಗಳ ಮನೆಗೆ ಬಂದಿದ್ದಳು. ‘ಇನ್ನು’ ಎಂದರೆ ಅವರ ನುಡಿಯಲ್ಲಿ ಮನುಷ್ಯನೆಂದು ಅರ್ಥ. ನಮ್ಮ ಭಾಷೆಯಲ್ಲಿಯೂ ಆ ಪದವಿದೆ, ‘ಇನ್ನೂ ಇದೆ, ಮುಗಿದಿಲ್ಲ’ ಎನ್ನುವಾಗ ಬಳಸುತ್ತೇವೆ ಎಂದು ನನಗೆ ಬಂದಷ್ಟು ಫ್ರೆಂಚಿನಲ್ಲಿ ವಿವರಿಸಿದೆ. ಆಕೆಗೆ ಬಹಳ ಸಂತೋಷವಾಯಿತು. ಮೊಮ್ಮಗನಿಗೂ ಹೇಳಿದಳು. ಅವನು ಆ ಪದವನ್ನು ನಾನು ಉಚ್ಚರಿಸಿದಂತೆ ಉಚ್ಚರಿಸಿ ನಕ್ಕನು.

ನಾನು ಈ ವಯಸ್ಸಿನಲ್ಲಿ ಫ್ರೆಂಚನ್ನೇಕೆ ಕಲಿಯುತ್ತಿರುವೆನೆಂದು ಕೇಳಿದಳು. ಮೊಮ್ಮಕ್ಕಳ ಪಿಸುಮಾತಿನ ಕಥೆಯನ್ನು ಹೇಳಿದೆ. ನಿಮ್ಮ ಭಾಷೆಯನ್ನಾಡಿದರೆ ಶಿಬಿರದಲ್ಲಿ ಏನು ಮಾಡುವರೆಂದು ಕೇಳಿದಳು. ಎಚ್ಚರಿಕೆ ಕೊಡುವರು, ಹಾಗೆಂದು ಮೊದಲೇ ಸಹಿ ಹಾಕಿದ್ದೇವೆ ಎಂದೆ.

‘ಸಹಿ ಹಾಕಿದಿರಾ!’ ಎಂದು ಆಕೆ ನಕ್ಕಳು. ‘ನಮ್ಮ ಸಹಿಯನ್ನು ಯಾರೂ ಕೇಳಲಿಲ್ಲ.’

ಬಳಿಕ ಆಕೆ ಹೇಳಿದ್ದಿಷ್ಟು. ಆರನೆಯ ವಯಸ್ಸಿನಲ್ಲಿ ಆಕೆಯನ್ನು ಮನೆಯಿಂದ ದೂರದ ವಸತಿಶಾಲೆಗೆ ಒಯ್ದರು. ಅಲ್ಲಿ ತಮ್ಮ ಮಾತನ್ನು ಆಡಿದವರಿಗೆ ಶಿಕ್ಷೆ. ರಾತ್ರಿ ದೀಪ ಆರಿದ ಮೇಲೆ ಹೊದಿಕೆಯೊಳಗೆ ತಂಗಿಯೊಡನೆ ಆಡಿದ ಮಾತಿಗೂ ಶಿಕ್ಷೆಯಾಯಿತು. ಬೇಸಿಗೆಯಲ್ಲಿ ಮನೆಗೆ ಹೋದಾಗ ತಾಯಿಯ ಮುಂದೆ ಮಾತು ಹೊರಡಲಿಲ್ಲ. ನಾಲಿಗೆಯ ಮೇಲೆ ಕಲ್ಲಿಟ್ಟಂತೆ ಆಗಿದ್ದಿತು. ಮೂವತ್ತು ದಾಟಿದ ಮೇಲೆ ಆ ಕಲ್ಲು ಸರಿಯಿತು, ಆದರೆ ಅಷ್ಟರಲ್ಲಿ ಮಕ್ಕಳು ಫ್ರೆಂಚಿನಲ್ಲಿ ಬೆಳೆದಿದ್ದರು. ‘ಈಗ ಇವನಿಗೆ ಹೇಳುತ್ತಿದ್ದೇನೆ’ ಎಂದು ಹುಡುಗನ ತಲೆಯ ಮೇಲೆ ಕೈಯಿಟ್ಟಳು. ದುಃಖದ ಧ್ವನಿಯೇನೂ ಇರಲಿಲ್ಲ. ಹೊಲದ ಬೆಳೆಯ ಸಂಗತಿಯನ್ನು ಹೇಳುವಂತೆ ಹೇಳಿದಳು. ಇಂತಹ ಶಾಲೆಗಳಲ್ಲಿ ಆ ದೇಶದ ಒಂದೂವರೆ ಲಕ್ಷದಷ್ಟು ಮೂಲನಿವಾಸಿ ಮಕ್ಕಳು ಬೆಳೆದರೆಂಬುದನ್ನೂ, 2008ರ ಜೂನ್ 11ರಂದು ಕೆನಡಾದ ಪ್ರಧಾನಮಂತ್ರಿ ಸಂಸತ್ತಿನಲ್ಲಿ ಕ್ಷಮೆ ಬೇಡಿದರೆಂಬುದನ್ನೂ ನಾನು ಅನಂತರ ಓದಿ ತಿಳಿದೆ.

ಅಷ್ಟರಲ್ಲಿ ಹುಡುಗ ಕೂಗಿದನು. ಸಂಗಮದ ನೀರಿನಲ್ಲಿ ಬಿಳಿಯ ಬೆನ್ನುಗಳು ಒಂದರ ಹಿಂದೊಂದು ಎದ್ದು ಮುಳುಗಿದವು. ಬೆಲೂಗಾ ಎಂಬ ಬಿಳಿ ತಿಮಿಂಗಿಲಗಳು. ನೀರಿನಡಿಯಲ್ಲಿ ಸದಾ ಏನನ್ನೋ ಉಲಿಯುತ್ತಿರುವುದರಿಂದ ಅವುಗಳಿಗೆ ಸಮುದ್ರದ ಕ್ಯಾನರಿ ಹಕ್ಕಿಗಳೆಂದು ಹೆಸರು. ಒಂದು ಕಾಲಕ್ಕೆ ಅವನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದಿತು. ಬೇಟೆ ನಿಷಿದ್ಧವಾದದ್ದು 1979ರಲ್ಲಿ. ದೋಣಿಯಲ್ಲಿ ಹೋದ ನನ್ನ ಸಹಪಾಠಿಗಳು ಅಂದು ದೊಡ್ಡ ತಿಮಿಂಗಿಲಗಳನ್ನು ಕಂಡು ಬಂದರು. ಅವರು ನನಗಾಗಿ ಮರುಕಪಟ್ಟರು. ನಾನು ಕಂಡದ್ದನ್ನು ಹೇಳಲು ನನಗೆ ಭಾಷೆ ಸಾಲಲಿಲ್ಲ, ಫ್ರೆಂಚ್ ಸಾಲದೆ ಹೋದದ್ದು ಮಾತ್ರವೇ ಕಾರಣವಲ್ಲ.

ಮರಳುವ ಹಡಗಿನಲ್ಲಿ ನನಗೆ ನೆನಪಾದದ್ದು ನಮ್ಮ ಪ್ರಸಾದ ನಿಲಯದ ಬಾವಿ.

1971ರ ಜೂನಿನಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ನಮ್ಮ ಕೋಣೆಗೆ ಇಬ್ಬರು ಹೊಸ ಹುಡುಗರು ಬಂದರು. ಲಂಬಾಣಿ ತಾಂಡಾದವರು, ಅಣ್ಣತಮ್ಮಂದಿರು. ಅಣ್ಣನಿಗೆ ಕನ್ನಡ ಚೆನ್ನಾಗಿ ಬರುತ್ತಿದ್ದಿತು. ಐದನೆಯ ತರಗತಿಗೆ ಸೇರಿದ ತಮ್ಮನಿಗೆ ಅಷ್ಟಾಗಿ ಬರುತ್ತಿರಲಿಲ್ಲ. ರಾತ್ರಿ ಮಲಗುವಾಗ ಅವರಿಬ್ಬರೂ ತಮ್ಮ ಮಾತಿನಲ್ಲಿ ಮೆಲ್ಲಗೆ ಮಾತನಾಡಿಕೊಳ್ಳುತ್ತಿದ್ದರು. ನಮಗೆ ತಿಳಿಯದ ಮಾತೆಂದರೆ ನಮ್ಮನ್ನು ಕುರಿತದ್ದೇ ಎಂದು ನಾವು ನಿಶ್ಚಯಿಸಿದೆವು. ಕೋಣೆಯ ಮುಂದಾಳಾಗಿದ್ದ ನಾನು ಒಂದು ನಿಯಮ ಮಾಡಿದೆ: 'ಕಳ್ಳ ಭಾಷೆ' ಆಡಿದವರು ಒಂದು ಮಾತಿಗೆ ಐದು ಕೊಡ ನೀರು ಸೇದಬೇಕು. ಲೆಕ್ಕದಲ್ಲಿ ನಾನು ಜಾಣ. ಮಾತುಗಳನ್ನು ಎಣಿಸಿ ಗೋಡೆಯ ಮೇಲೆ ಇದ್ದಲಿನಿಂದ ಗೆರೆ ಎಳೆಯುತ್ತಿದ್ದೆ. ಇದು ಹಿರಿಯರಾರಿಗೂ ತಿಳಿಯದು. ತಿಳಿದಿದ್ದರೆ ನಮ್ಮ ಬೆನ್ನಿನ ಮೇಲೆ ಗೆರೆಗಳು ಮೂಡುತ್ತಿದ್ದವು. ತಮ್ಮನ ಪಾಲಿನ ನೀರನ್ನೂ ಅಣ್ಣನೇ ಸೇದಿದನು. ಕೆಲವು ವಾರಗಳಲ್ಲಿ ಗೆರೆಗಳು ನಿಂತುಹೋದವು. ನಾವು ಗೆದ್ದೆವೆಂದು ಹಿಗ್ಗಿದೆವು. ಚಿಕ್ಕವನು ಕನ್ನಡವನ್ನೂ ಆಡಲಿಲ್ಲ, ತನ್ನದನ್ನೂ ಆಡಲಿಲ್ಲ. ಏನು ಕೇಳಿದರೂ ತಲೆಯಾಡಿಸುವನು. ದಸರಾ ರಜೆಗೆ ಹೋದವನು ಮರಳಿ ಬರಲಿಲ್ಲ. ಅಣ್ಣನೊಬ್ಬನೇ ಬಂದು, ಆ ವರ್ಷ ಮುಗಿಸಿ, ಅವನೂ ಹೊರಟುಹೋದನು.

ನಲವತ್ತೆಂಟು ವರ್ಷ ಇದನ್ನು ನಾನು ಹುಡುಗಾಟವೆಂದು ಕೂಡ ನೆನೆದವನಲ್ಲ, ನೆನೆದೇ ಇರಲಿಲ್ಲ. ಮೆರವಣಿಗೆಯಲ್ಲಿ ಕನ್ನಡಕ್ಕಾಗಿ ಕೂಗುವಾಗಲೂ ನೆನಪಾಗಿರಲಿಲ್ಲ. ಕೂಗಿದ್ದರಲ್ಲಿ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಮತ್ತೆ ಕರೆದರೆ ಮತ್ತೆ ಹೋಗುತ್ತೇನೆ. ಆದರೆ ಅದೇ ಬಾಯಿಯಲ್ಲಿ ಆ ಗೆರೆಗಳ ಲೆಕ್ಕವೂ ಇದ್ದಿತು.

ನಾಲ್ಕನೆಯ ಶನಿವಾರ ಊರಿನ ಎದುರಿಗೇ ಇರುವ ಬಾಸ್ಕರ ದ್ವೀಪಕ್ಕೆ ದೋಣಿಯಲ್ಲಿ ಹೋದೆವು. ಹದಿನಾರನೆಯ ಶತಮಾನದ ಕೊನೆಯಲ್ಲಿ ಸ್ಪೇನ್ ಫ್ರಾನ್ಸ್ ಗಡಿಯ ಬಾಸ್ಕ್ ಜನರು ಸಾಗರ ದಾಟಿ ಬಂದು ಇಲ್ಲಿ ತಿಮಿಂಗಿಲದ ಕೊಬ್ಬನ್ನು ಕಾಯಿಸಿ ಎಣ್ಣೆ ಮಾಡುತ್ತಿದ್ದರು. ಆ ಕಲ್ಲಿನ ಒಲೆಗಳ ಅವಶೇಷಗಳಿವೆ. ದ್ವೀಪವನ್ನು 1929ರಿಂದ ನಿಸರ್ಗಪ್ರೇಮಿಗಳ ಸಂಘವೊಂದು ಕಾಪಾಡುತ್ತ ಬಂದಿದೆ. ಬಾಸ್ಕ್ ಭಾಷೆಗೆ ಜಗತ್ತಿನಲ್ಲಿ ನೆಂಟಭಾಷೆ ಯಾವುದೂ ಇಲ್ಲವೆಂದು ಮಾರ್ಗದರ್ಶಕ ಹೇಳಿದನು. ಮಳೆ ಬಂದಿತು. ನನಗೆ ಆ ದಿನ ಯಾವುದರಲ್ಲಿಯೂ ಮನಸ್ಸು ನಿಲ್ಲಲಿಲ್ಲ.

ಕೊನೆಯ ಶನಿವಾರ ನಾನು ಸಂಚಾರಕ್ಕೆ ಹೋಗಲಿಲ್ಲ. ಮನೆಯೊಡತಿ ಗುರ್ಗಾನ್ ಎಂಬ ದೊಡ್ಡ ಕಾಳನ್ನು ಮಾಂಸದ ಸೋಂಕಿಲ್ಲದೆ ಸಾರು ಮಾಡಿದಳು. ನಮ್ಮ ಅವರೆಯ ದಾಯಾದಿಯಂತಿರುವ ಕಾಳು, ಹಿತಕುವುದೊಂದು ಬಾಕಿ. ಹಿತಕಿದ ಅವರೆಯ ವಿಷಯವನ್ನು ಫ್ರೆಂಚಿನಲ್ಲಿ ವರ್ಣಿಸಿದೆ. ಆಕೆ ಪೂರ್ತಿ ಕೇಳಿ, ‘ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ, ನಿಮ್ಮ ಮಾತಿನಲ್ಲಿಯೇ ಹೇಳಿ, ಶಿಬಿರದವರಿಗೆ ನಾನು ತಿಳಿಸುವುದಿಲ್ಲ’ ಎಂದಳು. ಐದು ವಾರಗಳಲ್ಲಿ ಇನ್ನೊಬ್ಬರ ಮುಂದೆ ನಾನಾಡಿದ ಮೊದಲ ಕನ್ನಡ ಪದಗಳು ಅವೇ, ‘ಹಿತಕಿದ ಅವರೆಬೇಳೆ’. ಆಕೆ ಎರಡು ಸಲ ಹೇಳಲು ಯತ್ನಿಸಿ ಕೈಬಿಟ್ಟಳು.

ಒಟ್ಟಾವಾಕ್ಕೆ ಮರಳಿದ ಮೇಲೆ ಮೊಮ್ಮಕ್ಕಳ ಗುಟ್ಟು ನನಗೆ ಬಯಲಾಯಿತು. ಅಜ್ಜಿಯ ಉಪ್ಪಿಟ್ಟನ್ನು ಮೇಜಿನ ಕೆಳಗಿನ ನಾಯಿಗೆ ಯಾರು ಹಾಕಬೇಕೆಂಬ ಸರದಿಯ ಚರ್ಚೆ ಅದು. ನಾನದನ್ನು ಪತ್ನಿಗೆ ತಿಳಿಸಿಲ್ಲ. ಮಕ್ಕಳಿಗೆ ಮಾತ್ರ ಒಂದು ದಿನ ಫ್ರೆಂಚಿನಲ್ಲಿ, ಇಂದು ಯಾರ ಸರದಿ ಎಂದು ಕೇಳಿದೆ. ಅವರು ಬೆಚ್ಚಿಬಿದ್ದರು. ಮರುಕ್ಷಣವೇ ನನ್ನ ಉಚ್ಚಾರವನ್ನು ತಿದ್ದತೊಡಗಿದರು.

ಇನ್ನು ಈ ಲೇಖನದ ಉದ್ದೇಶ. ಆ ಸೋದರರ ಹೆಸರುಗಳು ನನಗೆ ನೆನಪಿವೆ. ಇಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲ. ಅವರ ತಾಂಡಾದ ಹೆಸರು ಮರೆತಿದ್ದೇನೆ. 1971-72ನೆಯ ಸಾಲಿನಲ್ಲಿ ಬಾವಿಯ ಕಡೆಯ ಸಾಲಿನ ಕೊನೆಯ ಕೋಣೆಯಲ್ಲಿದ್ದ ಮಿತ್ರರು ಯಾರಾದರೂ ಇದನ್ನು ಓದಿದರೆ, ಆ ಹುಡುಗರು ಯಾವ ಊರಿನವರೆಂದಾಗಲಿ ಈಗ ಎಲ್ಲಿರುವರೆಂದಾಗಲಿ ತಿಳಿದಿದ್ದರೆ, ದಯವಿಟ್ಟು ಈ ಸಂಚಿಕೆಯ ಸಂಪಾದಕರಿಗೆ ಒಂದು ಕಾರ್ಡು ಬರೆಯಬೇಕು. ಸಂಪಾದಕರ ಬಳಿ ನನ್ನ ವಿಳಾಸವಿದೆ. ನಾನು ಮಾರ್ಚಿಯವರೆಗೆ ಊರಿನಲ್ಲಿಯೇ ಇರುತ್ತೇನೆ.